ರೊಮೆಲ್ ಮೇಲೋ, ಮಾನ್‌ಸ್ಟೈನ್ ಮೇಲೋ?

ಪ್ರಶ್ನೆ: ಎರಡನೇ ಮಹಾಯುದ್ಧದ ಜರ್ಮನ್ ಸೇನಾನಿಗಳೆಂದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ರೊಮೆಲ್. ಆದರೆ ಯುದ್ಧ ಇತಿಹಾಸವನ್ನು ಆಳವಾಗಿ ಓದಿದವರು ಮಾನ್‌ಸ್ಟೈನ್ ಅವನಿಗಿಂತ ಮೇಲು ಅನ್ನುತ್ತಾರೆ. ನಿಜಕ್ಕೂ ಹೆಚ್ಚು ಸಮರ್ಥ ಯಾರು?

ಉತ್ತರ: ನನ್ನ ಪ್ರಕಾರ ಮಾನ್‌ಸ್ಟೈನ್. ಒಂದು ಡಿವಿಜನ್ನನ್ನು, ಅಂದರೆ ಹತ್ತು–ಹದಿನೈದು ಸಾವಿರ ಸೈನಿಕರ ಪಡೆಯನ್ನು, ಶತ್ರುವಿನ ಮೇಲೆ ನುಗ್ಗಿಸುವುದರಲ್ಲಿ ಎರ್ವಿನ್ ರೊಮೆಲ್‌ಗೆ ಸಾಟಿಯಾದವರು ಕಡಿಮೆ. ಆದರೆ ಹಲವು ಸೈನ್ಯಗಳನ್ನು ನೂರಾರು ಕಿಲೋಮೀಟರ್ ಉದ್ದದ ರಣರಂಗದಲ್ಲಿ ಒಂದೇ ಲೆಕ್ಕಾಚಾರದಲ್ಲಿ ನಡೆಸಬೇಕಾದಾಗ ಎರಿಕ್ ಫಾನ್ ಮಾನ್‌ಸ್ಟೈನ್ ಬಹಳ ಮುಂದಿದ್ದ. ಇಬ್ಬರನ್ನೂ ತೂಗಿ ನೋಡಲು ಪೆಟ್ರೋಲಿಗಿಂತ ಒಳ್ಳೆಯ ಅಳತೆ ಇನ್ನೊಂದಿಲ್ಲ. ಟ್ಯಾಂಕಿನ ಹೊಟ್ಟೆಗೆ ಇಂಧನ ಎಲ್ಲಿಂದ ಬರುತ್ತದೆ, ಎಷ್ಟು ದೂರದಿಂದ ಬರುತ್ತದೆ, ಯಾವತ್ತು ನಿಲ್ಲುತ್ತದೆ? ಈ ಲೆಕ್ಕವನ್ನು ಒಬ್ಬ ಕಡೆಗಣಿಸಿದ, ಇನ್ನೊಬ್ಬ ಶತ್ರುವಿನ ವಿರುದ್ಧವೇ ಬಳಸಿದ.

ಮೊದಲು ರೊಮೆಲ್. 1940ರ ಮೇ ತಿಂಗಳಲ್ಲಿ ಬೆಲ್ಜಿಯಂನ ದಿನಾಂ ಬಳಿ ಮ್ಯೂಸ್ ನದಿ ದಾಟುವಾಗ ಆತ 7ನೇ ಪ್ಯಾಂಜರ್ (ಟ್ಯಾಂಕ್) ಡಿವಿಜನ್ನಿನ ಮುಖ್ಯಸ್ಥ. ಹಿಂದೆ ಕೂತು ಆಜ್ಞೆ ಕಳಿಸುವ ಜಾಯಮಾನ ಅವನದಲ್ಲ, ಗುಂಡು ಹಾರುತ್ತಿದ್ದ ದಡಕ್ಕೇ ಬಂದು ನಿಂತಿದ್ದ. ಆ ಡಿವಿಜನ್ನಿಗೆ ‘ಭೂತ ಡಿವಿಜನ್’ ಎಂಬ ಹೆಸರು ಬಂತು. ಅದು ಎಲ್ಲಿದೆಯೆಂದು ಫ್ರೆಂಚರಿಗೂ ತಿಳಿಯುತ್ತಿರಲಿಲ್ಲ, ಎಷ್ಟೋ ಸಲ ಜರ್ಮನಿಯ ಮೇಲಧಿಕಾರಿಗಳಿಗೂ ತಿಳಿಯುತ್ತಿರಲಿಲ್ಲ. ರೊಮೆಲ್‌ನ ಶಕ್ತಿಯೂ ದೋಷವೂ ಈ ಒಂದೇ ಹೆಸರಿನಲ್ಲಿವೆ.

1941ರ ಫೆಬ್ರವರಿಯಲ್ಲಿ ಆತ ಲಿಬಿಯಾದ ಟ್ರಿಪೋಲಿಗೆ ಬಂದಿಳಿದ. ಸೋಲುತ್ತಿದ್ದ ಇಟಲಿಯವರಿಗೆ ಆಸರೆಯಾಗಿ ಇದ್ದ ಜಾಗ ಉಳಿಸಿಕೊಳ್ಳುವುದೇ ಅವನ ಕೆಲಸವಾಗಿತ್ತು. ಆತ ಮಾತ್ರ ಮಾರ್ಚ್ ಕೊನೆಯ ಹೊತ್ತಿಗೆ ದಾಳಿಯನ್ನೇ ಶುರುಮಾಡಿದ. ಕೆಲವೇ ವಾರಗಳಲ್ಲಿ ಟೊಬ್ರುಕ್ ಬಂದರೊಂದನ್ನು ಬಿಟ್ಟು ಪೂರ್ವ ಲಿಬಿಯಾ ಅವನ ಕೈಗೆ ಬಂತು. ಜರ್ಮನ್ ಭೂಸೇನೆಯ ಜನರಲ್ ಸ್ಟಾಫ್ ಮುಖ್ಯಸ್ಥ ಹಾಲ್ಡರ್ ಎಷ್ಟು ಕಂಗಾಲಾದನೆಂದರೆ, ಪರಿಸ್ಥಿತಿ ನೋಡಿ ಬರಲು ಪೌಲಸ್‌ನನ್ನು ಆಫ್ರಿಕಾಕ್ಕೆ ಅಟ್ಟಿದ. ಮುಂದೆ ಸ್ಟಾಲಿನ್‌ಗ್ರಾಡಿನಲ್ಲಿ ಶರಣಾದ ಪೌಲಸ್ ಇವನೇ.

ರೊಮೆಲ್‌ನ ಅತಿ ದೊಡ್ಡ ಗೆಲುವು 1942ರ ಗಜಾಲಾ ಕದನ. ಮೇ 26ರ ರಾತ್ರಿ ಟ್ಯಾಂಕುಗಳನ್ನು ಮರುಭೂಮಿಯ ದಕ್ಷಿಣ ತುದಿಯಿಂದ ಸುತ್ತಿಸಿ ಬ್ರಿಟಿಷರ ಬೆನ್ನಿಗೆ ತಂದ. ಮರುದಿನ ಬೆಳಗ್ಗೆ ಬೀರ್ ಹಕೀಮ್ ಬಳಿ ಆ ಪ್ರವಾಹಕ್ಕೆ ಎದುರಾದದ್ದು ಭಾರತದ 3ನೇ ಮೋಟಾರ್ ಬ್ರಿಗೇಡ್. ಸರಿಯಾದ ಟ್ಯಾಂಕುಗಳೇ ಇಲ್ಲದ ಆ ಬ್ರಿಗೇಡ್ ಬಹಳ ಹೊತ್ತು ನಿಲ್ಲಲಾಗಲಿಲ್ಲ. ಆದರೂ ಅಲ್ಲಿ ಫಿರಂಗಿದಳದಲ್ಲಿದ್ದ ಪಿ.ಪಿ. ಕುಮಾರಮಂಗಲಂ ಅವರ ಹೋರಾಟಕ್ಕೆ ಡಿಎಸ್‌ಒ ಎಂಬ ಬ್ರಿಟಿಷ್ ಶೌರ್ಯ ಪದಕ ಬಂತು. ಮುಂದೆ ಅವರೇ ಸ್ವತಂತ್ರ ಭಾರತದ ಸೇನಾ ಮುಖ್ಯಸ್ಥರಾದರು. ಜೂನ್ 21ರಂದು ಟೊಬ್ರುಕ್ ಬಿತ್ತು. ಸೆರೆಸಿಕ್ಕ ಸುಮಾರು 33,000 ಜನರಲ್ಲಿ ಭಾರತದ 11ನೇ ಬ್ರಿಗೇಡಿನವರೂ ಇದ್ದರು. ಹಿಟ್ಲರ್ ರೊಮೆಲ್‌ನನ್ನು ಫೀಲ್ಡ್ ಮಾರ್ಷಲ್ ಮಾಡಿದ.

ಅವನ ಸಾಮರ್ಥ್ಯದ ನಿಜವಾದ ಪರೀಕ್ಷೆ ಆದದ್ದು ಈ ಗೆಲುವಿನ ಮರುದಿನದಿಂದ. ಮೊದಲಿನ ಯೋಜನೆಯ ಪ್ರಕಾರ ಟೊಬ್ರುಕ್ ಬಿದ್ದ ಮೇಲೆ ಸೈನ್ಯ ನಿಲ್ಲಬೇಕು, ಇಟಲಿಯಿಂದ ಸರಬರಾಜು ತರುವ ಹಡಗುಗಳಿಗೆ ಕಂಟಕವಾಗಿದ್ದ, ಬ್ರಿಟಿಷರ ಮಾಲ್ಟಾ ದ್ವೀಪವನ್ನು ಹಿಡಿಯಬೇಕು. ರೊಮೆಲ್ ಹಟ ಹಿಡಿದು ಈಜಿಪ್ಟಿನೊಳಕ್ಕೆ, ಎಲ್ ಅಲಮೀನ್‌ವರೆಗೆ ನುಗ್ಗಿದ. ಟ್ರಿಪೋಲಿಯಿಂದ ಎಲ್ ಅಲಮೀನ್‌ಗೆ ರಸ್ತೆಯಲ್ಲಿ ಸುಮಾರು 2,000 ಕಿ.ಮೀ. ಬೆಂಗಾಜಿಯಿಂದಲೂ 1,000 ಕಿ.ಮೀ. ಆಸುಪಾಸು. ಹತ್ತಿರದ ಟೊಬ್ರುಕ್ ಚಿಕ್ಕ ಬಂದರು, ಅದರ ಮೇಲೆ ಬ್ರಿಟಿಷ್ ವಿಮಾನಗಳ ಕಣ್ಣು. ಪೆಟ್ರೋಲು ಹೊತ್ತು ತರುವ ಲಾರಿಗಳೇ ದಾರಿಯಲ್ಲಿ ಅದರ ದೊಡ್ಡ ಪಾಲನ್ನು ಕುಡಿದುಬಿಡುತ್ತಿದ್ದವು. ಜುಲೈ 1ರಂದು ದೇರ್ ಎಲ್ ಶೈನ್ ಎಂಬಲ್ಲಿ ಭಾರತದ 18ನೇ ಬ್ರಿಗೇಡ್ ಸಂಜೆಯವರೆಗೂ ಅವನನ್ನು ತಡೆದು ನಿಲ್ಲಿಸಿತು. ಬ್ರಿಗೇಡ್ ನುಚ್ಚುನೂರಾಯಿತು, ಆದರೆ ದಣಿದ ಜರ್ಮನ್ ಪಡೆಗೆ ಮತ್ತೆ ಸಿಗದ ಒಂದು ದಿನ ಕಳೆದುಹೋಯಿತು. ಅಲ್ಲಿಂದಾಚೆ ಆತ ಮುಂದೆ ಹೋಗಲೇ ಇಲ್ಲ. ಆಗಸ್ಟ್ ಕೊನೆಗೆ ಅಲಂ ಹಲ್ಫಾದಲ್ಲಿ ಮಾಡಿದ ಪ್ರಯತ್ನ ಬ್ರಿಟಿಷರ ಗಟ್ಟಿ ತಡೆಗೋಡೆ, ವಿಮಾನದಾಳಿ ಮತ್ತು ಇಂಧನದ ಬರದಿಂದ ಕೆಟ್ಟಿತು. ಪೆಟ್ರೋಲು ತರುತ್ತಿದ್ದ ಹಡಗುಗಳ ದಾರಿಯನ್ನು ಬ್ರಿಟಿಷರು ಗೂಢಲಿಪಿ ಭೇದಿಸಿ ತಿಳಿದುಕೊಂಡಿದ್ದರು. ಅಕ್ಟೋಬರ್ 23ಕ್ಕೆ ಬ್ರಿಟಿಷ್ ದಂಡನಾಯಕ ಮಾಂಟ್‌ಗಮರಿ ಅಲಮೀನ್‌ನಲ್ಲಿ ದಾಳಿಗಿಳಿದ ಮೇಲೆ ರೊಮೆಲ್ ಸೋತು ಹಿಂದೆ ಸರಿದದ್ದು ಎಲ್ಲರಿಗೂ ಗೊತ್ತು.

ಗೂಢಲಿಪಿ ರೊಮೆಲ್‌ಗೂ ನೆರವಾಗಿತ್ತು, ಇದು ಅವನ ಅಭಿಮಾನಿಗಳು ಮರೆಯುವ ಸಂಗತಿ. ಕೈರೋದಲ್ಲಿದ್ದ ಅಮೆರಿಕದ ಸೇನಾ ಪ್ರತಿನಿಧಿ ಬಾನರ್ ಫೆಲರ್ಸ್ ಬ್ರಿಟಿಷ್ ಸೈನ್ಯದ ಸ್ಥಿತಿಗತಿಯನ್ನು ವಿವರವಾಗಿ ವಾಷಿಂಗ್ಟನ್ನಿಗೆ ಬರೆಯುತ್ತಿದ್ದ. ಆ ವರದಿಗಳನ್ನು ಕಳಿಸಲು ಬಳಸುತ್ತಿದ್ದ ಸಂಕೇತಪುಸ್ತಕವನ್ನು ಇಟಲಿಯವರು ಮೊದಲೇ ರೋಮಿನ ಅಮೆರಿಕ ರಾಯಭಾರ ಕಚೇರಿಯಿಂದ ಕದ್ದು ನಕಲು ಮಾಡಿಕೊಂಡಿದ್ದರು. ಹಾಗಾಗಿ ಎದುರಾಳಿಯ ಕೈಯಲ್ಲಿ ಏನಿದೆಯೆಂದು ರೊಮೆಲ್‌ಗೆ ಬೇಗನೆ ತಿಳಿಯುತ್ತಿತ್ತು. 1942ರ ಜೂನ್ ಕೊನೆಗೆ ಆ ಬಾಗಿಲು ಮುಚ್ಚಿತು. ಜುಲೈ 10ರಂದು ತೆಲ್ ಎಲ್ ಈಸಾ ಬಳಿ ಆಸ್ಟ್ರೇಲಿಯದ ಪಡೆ ಅವನ ರೇಡಿಯೊ ಕದ್ದಾಲಿಸುವ ತುಕಡಿಯನ್ನೇ ಹಿಡಿದುಹಾಕಿತು. ‘ಮರುಭೂಮಿಯ ನರಿ’ ಎಂದು ಹೆಸರಾದ ರೊಮೆಲ್‌ನ ಆರನೇ ಇಂದ್ರಿಯ ಮಂಕಾದದ್ದು ಸರಿಯಾಗಿ ಈ ತಿಂಗಳುಗಳಲ್ಲೇ.

ಈಗ ಮಾನ್‌ಸ್ಟೈನ್. 1940ರಲ್ಲಿ ಆರ್ಡೆನ್ಸ್ ಕಾಡಿನ ಮೂಲಕ ಟ್ಯಾಂಕುಗಳನ್ನು ನುಗ್ಗಿಸಿ ಫ್ರಾನ್ಸನ್ನು ಆರೇ ವಾರದಲ್ಲಿ ಕೆಡವಿದ ಯೋಜನೆಯ ಬೀಜ ಅವನದು. ಆದರೆ ಅವನನ್ನು ಅಳೆಯಲು ನಾನು ಆರಿಸುವುದು 1943ರ ಫೆಬ್ರವರಿ. ಸ್ಟಾಲಿನ್‌ಗ್ರಾಡ್ ಜರ್ಮನ್ನರ ಕೈತಪ್ಪಿತ್ತು. ಸೋವಿಯತ್ ಸೈನ್ಯಗಳು ಖಾರ್ಕಿವ್ ಹಿಡಿದು, ಉಕ್ರೇನಿನ ದ್ನೀಪರ್ ನದಿಯತ್ತ ಧಾವಿಸುತ್ತಿದ್ದವು. ಫೆಬ್ರವರಿ 17ರಂದು ಹಿಟ್ಲರ್ ಸ್ವತಃ ಝಪೊರೀಝಿಯಾಕ್ಕೆ ಹಾರಿ ಬಂದ. ಖಾರ್ಕಿವ್ ಈಗಲೇ ಬೇಕು ಎಂಬುದು ಅವನ ಹಟ. ಮಾನ್‌ಸ್ಟೈನ್ ಒಪ್ಪಲಿಲ್ಲ. ಓಡಿ ಬರುತ್ತಿರುವವರು ಇನ್ನಷ್ಟು ಓಡಲಿ, ಅವರ ಸರಬರಾಜು ಹರಿಯುವವರೆಗೆ ಕಾಯೋಣ ಎಂಬುದು ಅವನ ವಾದ. ದಕ್ಷಿಣದಲ್ಲಿ ಸಿಕ್ಕಿಬೀಳಲಿದ್ದ ಟ್ಯಾಂಕ್ ಪಡೆಗಳನ್ನು ಆತ ಆಗಲೇ ಹಿಂದೆ ಸರಿಸಿ ಪಶ್ಚಿಮಕ್ಕೆ ತಂದಿದ್ದ. ಹಿಟ್ಲರ್ ಅಲ್ಲಿರುವಾಗಲೇ ಸೋವಿಯತ್ ಟ್ಯಾಂಕುಗಳು ಆ ಊರಿನ ಸಮೀಪಕ್ಕೆ ಬಂದವು, ಬಂದು ಇಂಧನವಿಲ್ಲದೆ ನಿಂತುಬಿಟ್ಟವು. ಆಗ ಮಾನ್‌ಸ್ಟೈನ್ ಎರಡೂ ಬದಿಯಿಂದ ಹೊಡೆದ. ಮಾರ್ಚ್ ಮಧ್ಯಕ್ಕೆ ಖಾರ್ಕಿವ್ ಮತ್ತೆ ಜರ್ಮನ್ನರ ವಶವಾಯಿತು.

ಅಲಮೀನ್‌ನಲ್ಲಿ ರೊಮೆಲ್‌ಗೆ ಆದದ್ದನ್ನೇ ಮಾನ್‌ಸ್ಟೈನ್ ತನ್ನ ಎದುರಾಳಿಗೆ ಮಾಡಿಸಿದ. ನೆಲ ಬಿಟ್ಟುಕೊಟ್ಟು ಕಾಲವನ್ನು ಗಳಿಸುವ ಈ ತಾಳ್ಮೆ ರೊಮೆಲ್‌ನಲ್ಲಿ ಕಾಣುವುದು ಅಪರೂಪ. ಆದರೆ ಮಾನ್‌ಸ್ಟೈನ್‌ಗೂ ಮಿತಿಯಿತ್ತು. ಅದೇ ವರ್ಷ ಜುಲೈನಲ್ಲಿ ಕುರ್ಸ್ಕ್ ಬಳಿ ಸೋವಿಯತ್ ಸೈನ್ಯ ತಿಂಗಳುಗಟ್ಟಲೆ ತಯಾರಾಗಿ ಕಾದಿತ್ತು. ಅಲ್ಲಿ ಓಡಿ ಬರುವ ಶತ್ರು ಇರಲಿಲ್ಲ, ಮಾನ್‌ಸ್ಟೈನ್‌ನ ಚಳಕವೂ ನಡೆಯಲಿಲ್ಲ.

ಸಾಮರ್ಥ್ಯದ ಮಾತು ಇಲ್ಲಿಗೇ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. 1941ರ ನವೆಂಬರ್ 20ರಂದು, ಕ್ರೈಮಿಯಾದಲ್ಲಿ 11ನೇ ಸೈನ್ಯದ ದಂಡನಾಯಕನಾಗಿದ್ದ ಮಾನ್‌ಸ್ಟೈನ್ ಒಂದು ಆಜ್ಞೆಗೆ ಸಹಿ ಹಾಕಿದ. ‘ಯಹೂದಿ–ಬೊಲ್ಶೆವಿಕ್ ವ್ಯವಸ್ಥೆ’ಯನ್ನು ಶಾಶ್ವತವಾಗಿ ನಿರ್ನಾಮ ಮಾಡಬೇಕು, ಯಹೂದಿಗಳ ಮೇಲಿನ ಕಠಿಣ ಶಿಕ್ಷೆಯನ್ನು ಸೈನಿಕರು ಅರ್ಥಮಾಡಿಕೊಳ್ಳಬೇಕು ಎಂಬುದು ಅದರ ಸಾರ. ಮರುತಿಂಗಳೇ ಸಿಂಫೆರೊಪೋಲಿನಲ್ಲಿ ಸಾವಿರಾರು ಯಹೂದಿಗಳನ್ನು ಗುಂಡಿಟ್ಟು ಕೊಂದರು. ಕೊಂದದ್ದು ನಾಜಿ ಪಕ್ಷದ ಸಶಸ್ತ್ರ ಪಡೆಯಾದ ಎಸ್‌ಎಸ್‌ನ ತಂಡ, ಆದರೆ ಆ ಪ್ರದೇಶ ಇದ್ದದ್ದು ಮಾನ್‌ಸ್ಟೈನ್‌ನ ಅಧಿಕಾರದಲ್ಲಿ. 1949ರಲ್ಲಿ ಹ್ಯಾಂಬರ್ಗಿನ ಬ್ರಿಟಿಷ್ ಸೇನಾ ನ್ಯಾಯಾಲಯ ಅವನಿಗೆ 18 ವರ್ಷ ಶಿಕ್ಷೆ ಕೊಟ್ಟಿತು. 1953ಕ್ಕೇ ಬಿಡುಗಡೆಯಾಗಿ ಬಂದ ಆತ ಎರಡು ವರ್ಷದಲ್ಲಿ ಆತ್ಮಕಥೆ ಪ್ರಕಟಿಸಿದ. ಅದರಲ್ಲಿ ಸೋಲೆಲ್ಲ ಹಿಟ್ಲರನದು, ಬುದ್ಧಿಯೆಲ್ಲ ಸೇನಾನಿಗಳದು. ಕ್ರೈಮಿಯಾದ ಯಹೂದಿಗಳ ಸುದ್ದಿ ಇಲ್ಲ.

ಈ ಬರವಣಿಗೆಯ ಕಾರಣದಿಂದಲೇ ನಮ್ಮ ಹೋಲಿಕೆಗಳು ಒಂದು ಕಡೆ ವಾಲಿವೆ. ಚರ್ಚಿಲ್ 1942ರಲ್ಲಿ ಸಂಸತ್ತಿನಲ್ಲೇ ಹೊಗಳಿದ ರೊಮೆಲ್ ಬ್ರಿಟಿಷರ ಲೇಖನಿಯಿಂದ ಬೆಳೆದ, ಮಾನ್‌ಸ್ಟೈನ್ ತನ್ನದೇ ಲೇಖನಿಯಿಂದ. ಇನ್ನೊಬ್ಬ ಜರ್ಮನ್ ಫೀಲ್ಡ್ ಮಾರ್ಷಲ್ ವಾಲ್ಟರ್ ಮೋಡೆಲ್‌ಗೆ ಎರಡೂ ಇಲ್ಲ, 1945ರ ಏಪ್ರಿಲ್‌ನಲ್ಲಿ ರೂರ್ ಪ್ರದೇಶದಲ್ಲಿ ಸುತ್ತುವರಿಯಲ್ಪಟ್ಟು ಗುಂಡು ಹಾರಿಸಿಕೊಂಡು ಸತ್ತ. ಸೋಲುತ್ತಿರುವ ಸೈನ್ಯವನ್ನು ಹಿಡಿದು ನಿಲ್ಲಿಸುವ ಕೆಲಸದಲ್ಲಿ ನಾನು ಅವನನ್ನು ಇಬ್ಬರಿಗಿಂತಲೂ ಮೇಲಿಡುತ್ತೇನೆ. 1944ರ ಬೇಸಿಗೆಯಲ್ಲಿ ಸೋವಿಯತ್ತಿನ ಬಗ್ರಾತಿಯೋನ್ ದಾಳಿ ಬೆಲರೂಸಿನಲ್ಲಿ 25ಕ್ಕೂ ಹೆಚ್ಚು ಜರ್ಮನ್ ಡಿವಿಜನ್‌ಗಳನ್ನು ಅಳಿಸಿಹಾಕಿದಾಗ, ಚೂರುಪಾರು ಉಳಿದದ್ದನ್ನು ಒಟ್ಟುಮಾಡಿ ವಿಸ್ಟುಲಾ ನದಿಯ ದಡದಲ್ಲಿ ಸಾಲು ನಿಲ್ಲಿಸಿದವನು ಮೋಡೆಲ್. ಆ ದಾಳಿಯನ್ನು ನಡೆಸಿದವರಲ್ಲಿ ಪ್ರಮುಖ ಸೋವಿಯತ್ ಸೇನಾನಿ ರೊಕೊಸೊವ್‌ಸ್ಕಿ. ಜರ್ಮನ್ನರನ್ನು ಜರ್ಮನ್ನರೊಂದಿಗೇ ಹೋಲಿಸುವುದನ್ನು ಮುಗಿಸಿದವರು ಮುಂದೆ ಓದಬೇಕಾದದ್ದು ಅವನ ಬಗ್ಗೆ.