ಚೀನಾದ ಕೊಂಬಿನ ಬಟ್ಟಲು: ಉಳಿಗೆ ದಾರಿ ತೋರಿದ ನಾಳಗಳು

ಮಿಂಗ್ ಮತ್ತು ಚಿಂಗ್ ಅರಸರ ಕಾಲದ ಚೀನಾದಲ್ಲಿ ಖಡ್ಗಮೃಗದ ಕೊಂಬಿನಿಂದ ಕೆತ್ತಿದ ಬಟ್ಟಲುಗಳ ಮಾತು ಬಂದಾಗಲೆಲ್ಲ, ಅವು ವಿಷವನ್ನು ಪತ್ತೆಹಚ್ಚುತ್ತಿದ್ದವೆಂಬ ಕಥೆಯೇ ಮುಂದೆ ನಿಲ್ಲುತ್ತದೆ. ವಿಷ ಬೆರೆತ ದ್ರವವನ್ನು ಈ ಕೊಂಬಿನಿಂದ ಕಲಕಿದರೆ ಬಿಳಿ ನೊರೆ ಏಳುತ್ತದೆಂದು 4ನೆಯ ಶತಮಾನದಲ್ಲಿ ಚೀನೀ ರಸವಾದಿ ಗೆ ಹೊಂಗ್ ಬರೆದಿದ್ದನು. ಆದರೆ ಕೊಂಬು ಕೆರಾಟಿನ್‌ನಿಂದಾದದ್ದು. ನಮ್ಮ ಉಗುರೂ ಅದೇ ಬಗೆಯ ಪ್ರೋಟೀನು. ಕೊಂಬಿಗೆ ಆ ಶಕ್ತಿ ಇದ್ದಿದ್ದರೆ ಪಾನೀಯದಲ್ಲಿ ಬೆರಳದ್ದಿದರೂ ಸಾಕಾಗಬೇಕಿತ್ತು. ಕೊಂಬಿನಲ್ಲಿ ಪವಾಡವಿದೆಯೆಂಬ ನಂಬಿಕೆ ಇಂದಿಗೂ ಪ್ರಾಣಿಯ ಜೀವ ತೆಗೆಯುತ್ತಿದೆ. ಅದರಲ್ಲಿ ಔಷಧಗುಣವಿಲ್ಲವೆಂದು ಸಾರಲೆಂದೇ ಅಸ್ಸಾಂ ಸರ್ಕಾರವು 2021ರ ಸೆಪ್ಟೆಂಬರ್ 22ರಂದು 2,479 ಕೊಂಬುಗಳನ್ನು ಸುಟ್ಟುಹಾಕಿತು.

ನಿಜವಾದ ಬೆರಗು ಇರುವುದು ಕೊಂಬಿನ ರಚನೆಯಲ್ಲಿ ಮತ್ತು ಅದನ್ನು ಓದಿಕೊಂಡ ಕೆತ್ತನೆಗಾರರ ಕೈಯಲ್ಲಿ. ದನ, ಎಮ್ಮೆಗಳ ಕೊಂಬಿನೊಳಗೆ ಮೂಳೆಯಿರುತ್ತದೆ. ಖಡ್ಗಮೃಗದ ಕೊಂಬಿನೊಳಗೆ ಇರುವುದಿಲ್ಲ. ಚರ್ಮದ ಮೇಲಿನ ಸೂಕ್ಷ್ಮ ಉಬ್ಬುಗಳಿಂದ ಕೂದಲೆಳೆಯಂತಹ ಅಸಂಖ್ಯ ನಾಳಗಳು ಒಂದಕ್ಕೊಂದು ಒತ್ತಿಕೊಂಡು ಮೇಲೇಳುತ್ತವೆ, ನಡುವಿನ ಸಂದುಗಳನ್ನು ಕೆರಾಟಿನ್ನೇ ಅಂಟಿನಂತೆ ತುಂಬುತ್ತದೆ. ತೆಂಗಿನ ಕಡ್ಡಿಯ ಪೊರಕೆಯನ್ನು ಗಟ್ಟಿ ಬೆಲ್ಲದ ಪಾಕದಲ್ಲಿ ಅದ್ದಿ ಆರಲು ಬಿಟ್ಟರೆ ಹೇಗಿರುತ್ತದೋ ಹಾಗೆ, ಅಥವಾ ಮೇಣ ಸುರಿದು ಬಿಗಿದ ಊದುಬತ್ತಿಯ ಕಟ್ಟಿನ ಹಾಗೆ. ಅಮೆರಿಕದ ಒಹಾಯೊ ವಿಶ್ವವಿದ್ಯಾಲಯದ ಸಂಶೋಧಕರು ಕೊಂಬುಗಳನ್ನು ಸಿ.ಟಿ. ಸ್ಕ್ಯಾನ್ ಮಾಡಿ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೊಂಬಿನ ನಡುಭಾಗದಲ್ಲಿ ಕ್ಯಾಲ್ಸಿಯಂ ಮತ್ತು ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ಹೆಚ್ಚು ಸಾಂದ್ರವಾಗಿರುತ್ತವೆ. ಹೊರಭಾಗವು ಬಿಸಿಲಿಗೂ ಉಜ್ಜಾಟಕ್ಕೂ ಸವೆದು, ಗಟ್ಟಿಯಾದ ನಡುಭಾಗ ಉಳಿಯುವುದರಿಂದ, ಪೆನ್ಸಿಲ್ ಹೆರೆದಂತೆ ತುದಿ ಚೂಪಾಗುತ್ತದೆ.

ಕೆತ್ತನೆಗಾರರು ಈ ಕೊಂಬನ್ನು ತಲೆಕೆಳಗಾಗಿ ಹಿಡಿದರು. ಮೂಗಿನ ಮೂಳೆಯ ಉಬ್ಬಿನ ಮೇಲೆ ಕುಳಿತಿದ್ದ ಬುಡದ ಅಗಲವಾದ ತಗ್ಗು ಬಟ್ಟಲಿನ ಬಾಯಾಯಿತು, ತುದಿಯ ಕಡೆ ಪಾದವಾಯಿತು. ನಾಳಗಳ ಉದ್ದಕ್ಕೆ ಸಾಗಿದ ಉಳಿ ಬಿದಿರಿನ ಎಳೆಗಳಂತಹ ಗೆರೆಗಳನ್ನು ಬಿಡಿಸಿದರೆ, ಅಡ್ಡಕ್ಕೆ ಕೊಯ್ದ ಕಡೆ ಚುಕ್ಕೆಗಳು ಮೂಡಿದವು. ಆ ಚುಕ್ಕೆಗಳನ್ನು ಚೀನೀಯರು ಮೀನಿನ ಮೊಟ್ಟೆಗೆ ಹೋಲಿಸಿದರು. ಅಂಚನ್ನು ದಳದಷ್ಟು ತೆಳ್ಳಗೆ ಹೆರೆದಾಗ ಅದರೊಳಗಿಂದ ಬೆಳಕು ಜೇನುಬಣ್ಣದಲ್ಲಿ ಹಾಯುತ್ತದೆ. ಕಮಲದ ಎಲೆ, ಮ್ಯಾಗ್ನೋಲಿಯಾ ಹೂವಿನಂತಹ ಆಕಾರಗಳು ಈ ಬಟ್ಟಲುಗಳಿಗೆ ಅಷ್ಟು ಚೆನ್ನಾಗಿ ಒಗ್ಗಿದ್ದು ಇದರಿಂದಲೇ ಎಂದು ನಾನು ನಂಬುತ್ತೇನೆ. ವೂಶಿ ಪಟ್ಟಣದ ಯೌ ಎಂಬ ಕುಶಲಿಯನ್ನು ಜನರು ‘ಕೊಂಬಿನ ಬಟ್ಟಲಿನ ಯೌ’ ಎಂದೇ ಕರೆಯುತ್ತಿದ್ದರು.

ಇವೆಲ್ಲಕ್ಕಿಂತ ನನಗೆ ಮೆಚ್ಚುಗೆಯಾದದ್ದು ತೆಪ್ಪದ ಆಕಾರದ ಬಟ್ಟಲು. ಇಲ್ಲಿ ಕೊಂಬನ್ನು ನಿಲ್ಲಿಸದೆ ಅಡ್ಡ ಮಲಗಿಸಿ, ಅದರ ಸಹಜ ಬಾಗನ್ನು ಹಾಗೆಯೇ ಉಳಿಸಿಕೊಂಡು, ಟೊಳ್ಳಾದ ಮರದ ದಿಮ್ಮಿಯಂತೆ ಕೆತ್ತಲಾಗಿದೆ. ಅದರಲ್ಲಿ ಕುಳಿತಿರುವವನು ಹಾನ್ ರಾಜವಂಶದ ರಾಯಭಾರಿ ಝಾಂಗ್ ಚಿಯೆನ್. ಹಳದಿ ನದಿಯ ಮೂಲವನ್ನು ಹುಡುಕುತ್ತಾ ಆತ ಆಕಾಶಗಂಗೆಯನ್ನೇ ತಲುಪಿದನೆಂಬುದು ಐತಿಹ್ಯ. ತೆಪ್ಪದ ಕೆಳಗಿನ ಅಲೆಗಳ ಗೆರೆಗಳೊಂದಿಗೆ ಕೊಂಬಿನ ನಾಳಗಳೂ ಉದ್ದಕ್ಕೆ ಹರಿಯುತ್ತವೆ.