ಮೀನುಪೇಟೆಯ ಹೊತ್ತು, ಅಂಗನವಾಡಿಯ ಹೊತ್ತು

ಕಾರವಾರದ ಬೈತಖೋಲ ಬಂದರಿನಲ್ಲಿ ಬುಟ್ಟಿ ಹಿಡಿದು ಕಾಯುವ ಮೀನುಗಾರ ಮಹಿಳೆಯರ ದಿನ ಆರಂಭವಾಗುವುದು ದೋಣಿ ದಡ ಸೇರಿದಾಗ. ಗಡಿಯಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಘಟ್ಟದ ಮೇಲೆ ಶಿರಸಿಯ ಕಡೆ ಅಡಿಕೆ ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತ ಹೆಂಗಸರು ರಾತ್ರಿಯವರೆಗೂ ಸುಲಿಯುತ್ತಾರೆ. ಈ ತಾಯಂದಿರ ಮಕ್ಕಳಿಗೆ ಊರಿನಲ್ಲಿ ಅಂಗನವಾಡಿ ಇದೆ. ಆದರೆ ಅದು ತೆರೆಯುವ ಹೊತ್ತಿಗೂ ಇವರ ದುಡಿಮೆಯ ಹೊತ್ತಿಗೂ ತಾಳೆಯಾಗುವುದಿಲ್ಲ, ಮೂರು ವರ್ಷ ತುಂಬದ ಕೂಸಿಗಂತೂ ಅಲ್ಲಿ ದಿನವಿಡೀ ಉಳಿಯುವ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ. ಅಂಥ ಕೂಸು ಅಜ್ಜಿಯ ಬಳಿಯೋ, ಏಳೆಂಟು ವರ್ಷದ ಅಕ್ಕನ ಸೊಂಟದ ಮೇಲೋ ಬೆಳೆಯುತ್ತದೆ, ಆ ಅಕ್ಕನ ಶಾಲೆ ತಪ್ಪುತ್ತದೆ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ತಿರುಮಕೂಡಲು ನರಸೀಪುರಕ್ಕೆ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆಗಳ ಜೊತೆಗೆ 3ರಿಂದ 6 ವರ್ಷದವರಿಗೆ ಶಾಲಾಪೂರ್ವ ಶಿಕ್ಷಣವನ್ನು ಅದು ಒಂದೇ ಸೂರಿನಡಿ ತಂದಿತು. ಅದಕ್ಕಿಂತ ಚಿಕ್ಕವರ ಪಾಲಿಗೆ ಮುಖ್ಯವಾಗಿ ಬಂದದ್ದು ಮನೆಗೆ ಒಯ್ಯುವ ಆಹಾರ. ಕಲಿಕೆ ಒಂದು ಇಲಾಖೆಯ ಕೆಲಸ, ಮಗುವನ್ನು ನೋಡಿಕೊಳ್ಳುವುದು ಮನೆಯ ಕೆಲಸ ಎಂಬ ಭಾವನೆ ಹೀಗೆ ಗಟ್ಟಿಯಾಯಿತು. ಮಗುವಿನ ಮೆದುಳು ಈ ಗೆರೆಯನ್ನು ಗುರುತಿಸುವುದಿಲ್ಲ ಎಂಬುದೇ ನಾನು ಇಲ್ಲಿ ಹೇಳಬೇಕಾದ ಮಾತು.

ಕೂಸು ಕೈಚಾಚಿ ಏನೋ ಒಂದು ಸದ್ದು ಮಾಡುತ್ತದೆ. ದೊಡ್ಡವರು ಅದರ ಕಣ್ಣು ಹೋದ ಕಡೆ ನೋಡಿ, 'ಕಾಗೆ ಬಂತಾ?' ಎನ್ನುತ್ತಾರೆ, ಕೂಸು ಮತ್ತೆ ಸದ್ದು ಮಾಡುತ್ತದೆ. ಈ ಕೊಡುಕೊಳ್ಳುವಿಕೆ ದಿನಕ್ಕೆ ನೂರಾರು ಸಲ ನಡೆದಾಗ ಭಾಷೆಗೂ ಗಮನಕ್ಕೂ ಬೇಕಾದ ನರಕೋಶಗಳ ಬೆಸುಗೆ ಬಲಗೊಳ್ಳುತ್ತದೆ. ಅನ್ನ ಉಣಿಸುವಾಗ, ಬಟ್ಟೆ ಬದಲಿಸುವಾಗ, ಕೈಕಾಲು ತೊಳೆಸುವಾಗ ನಡೆಯುವ ಮಾತೇ ಇದರಲ್ಲಿ ಹೆಚ್ಚಿನ ಪಾಲು, ಆದ್ದರಿಂದ ಪಾಲನೆಯನ್ನು ಕಲಿಕೆಯಿಂದ ಬೇರ್ಪಡಿಸಿದರೆ ಎರಡೂ ಬಡವಾಗುತ್ತವೆ.

ಇದಕ್ಕೆ ಬಲವಾದ ಸಾಕ್ಷ್ಯ ಅಮೆರಿಕದ ಉತ್ತರ ಕೆರೊಲಿನಾದಲ್ಲಿ 1972ರಲ್ಲಿ ಆರಂಭವಾದ ಅಬಿಸಿಡೇರಿಯನ್ ಅಧ್ಯಯನದಲ್ಲಿದೆ. ಬಡ ಕುಟುಂಬಗಳ 111 ಮಕ್ಕಳಲ್ಲಿ ಒಂದು ಗುಂಪಿಗೆ ಎಳೆಗೂಸಿನಿಂದ 5 ವರ್ಷದವರೆಗೆ, ವರ್ಷವಿಡೀ, ಪೂರ್ಣ ದಿನದ ಕೇಂದ್ರದಲ್ಲಿ ಪಾಲನೆ ಮತ್ತು ಕಲಿಕೆ ಒಟ್ಟಿಗೆ ದೊರೆತವು. ಇಪ್ಪತ್ತೊಂದನೆಯ ವಯಸ್ಸಿನಲ್ಲೂ ಓದು ಮತ್ತು ಲೆಕ್ಕದಲ್ಲಿ ಆ ಗುಂಪು ಮುಂದಿತ್ತು.

ಇಡೀ ದಿನ ಮನೆಯಿಂದ ಹೊರಗಿರುವುದು ಪುಟ್ಟ ಮಗುವಿಗೆ ಹೊರೆಯಾಗುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಆಗಬಹುದು. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಬೆಳಿಗ್ಗೆ ಹೆಚ್ಚಿದ್ದು ಸಂಜೆಯ ಹೊತ್ತಿಗೆ ಇಳಿಯಬೇಕು, ಆದರೆ ಗುಂಪಿನಲ್ಲಿ ಪಾಲನೆ ಪಡೆಯುವ ಅನೇಕ ಪುಟ್ಟ ಮಕ್ಕಳಲ್ಲಿ ಅದು ಮಧ್ಯಾಹ್ನ ಏರುವುದು ಕಂಡುಬಂದಿದೆ. ನೋಡಿಕೊಳ್ಳುವವರು ಗಮನವಿಟ್ಟು ಸ್ಪಂದಿಸುವ ಕಡೆ ಈ ಏರಿಕೆ ಕಡಿಮೆ. ಮಧ್ಯಾಹ್ನದ ನಿದ್ದೆಯದೂ ಇಂಥದ್ದೇ ಮಹತ್ವ: 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಬೆಳಿಗ್ಗೆ ನೋಡಿದ ಚಿತ್ರಗಳು ಯಾವ ಜಾಗದಲ್ಲಿದ್ದವು ಎಂಬುದನ್ನು ನಿದ್ದೆ ಮಾಡಿದ ಶಾಲಾಪೂರ್ವ ಮಕ್ಕಳು ಮಾಡದವರಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡರು. ಅಂದರೆ ಬೆಳಗಿನ ಪಾಠವನ್ನು ಪೂರ್ತಿಗೊಳಿಸುವುದು ಮಧ್ಯಾಹ್ನ ಯಾರೋ ಹಾಸುವ ಚಾಪೆ. ಆ ಚಾಪೆಯ ಕೆಲಸವನ್ನು ನಾವು ಕೆಲಸವೆಂದೇ ಎಣಿಸಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಬಡ ಕುಟುಂಬಗಳ ಪುಟ್ಟ ಮಕ್ಕಳಿಗಾಗಿ ಅಮೆರಿಕದಲ್ಲಿ 1965ರಿಂದ ಇರುವ ಹೆಡ್ ಸ್ಟಾರ್ಟ್ ಎಂಬ ಸರ್ಕಾರಿ ಕಾರ್ಯಕ್ರಮಕ್ಕೂ, ಕಲಿಕೆಯ ಹೊತ್ತು ತಾಯಂದಿರ ದುಡಿಮೆಯ ಹೊತ್ತಿಗೆ ತಾಳೆಯಾಗದ ಇದೇ ತೊಡಕು ಎದುರಾಯಿತು. 2014ರಲ್ಲಿ 50 ಕೋಟಿ ಡಾಲರ್ ತೆಗೆದಿರಿಸಿ, ಅದರ ಎಳೆಯ ಮಕ್ಕಳ ವಿಭಾಗವನ್ನು ಸ್ಥಳೀಯ ಶಿಶುಪಾಲನಾ ಕೇಂದ್ರಗಳೊಂದಿಗೆ ಜೋಡಿಸಲಾಯಿತು. ಕೇಂದ್ರ ತಾನಿದ್ದಲ್ಲೇ, ತಾಯಂದಿರಿಗೆ ಒಗ್ಗುವ ಹೊತ್ತಿನಲ್ಲೇ ನಡೆಯುತ್ತದೆ. ತರಬೇತಿ, ಆರೋಗ್ಯ ತಪಾಸಣೆ, ಮೂರು ವರ್ಷದೊಳಗಿನ ನಾಲ್ಕು ಮಕ್ಕಳಿಗೆ ಒಬ್ಬರು ಶಿಕ್ಷಕರೆಂಬ ನಿಯಮ ಸರ್ಕಾರದ ಕಡೆಯಿಂದ ಬರುತ್ತವೆ.

ನಮ್ಮಲ್ಲೂ ತುಣುಕುಗಳಿವೆ. ಕೇಂದ್ರ ಸರ್ಕಾರದ 'ಪಾಲ್ನಾ' ಯೋಜನೆ 17,000 ಅಂಗನವಾಡಿಗಳಲ್ಲಿ ಶಿಶುಪಾಲನೆಯನ್ನೂ ಸೇರಿಸುವ ಗುರಿ ಇಟ್ಟುಕೊಂಡಿದೆ. ಕರ್ನಾಟಕ ಸರ್ಕಾರ 2023–24ರ ಬಜೆಟ್‌ನಲ್ಲಿ, ಮುಖ್ಯವಾಗಿ ನರೇಗಾ ಕೂಲಿಯ ತಾಯಂದಿರನ್ನು ಗಮನದಲ್ಲಿಟ್ಟು, 4,000 ಗ್ರಾಮ ಪಂಚಾಯ್ತಿಗಳಿಗೆ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು. ಆದರೆ ಇರುವ ಅಂಗನವಾಡಿ ಕಾರ್ಯಕರ್ತೆಯ ತಲೆಯ ಮೇಲೆಯೇ ಕೂಸುಗಳನ್ನೂ ಹೇರಿದರೆ ಕೆಲಸ ಕೆಡುತ್ತದೆ. ಅವರು ಈಗಾಗಲೇ ದಾಖಲೆ, ಸಮೀಕ್ಷೆ, ಮನೆಭೇಟಿಗಳಲ್ಲಿ ಹೈರಾಣಾಗಿದ್ದಾರೆ. ತಮಿಳುನಾಡಿನ 320 ಅಂಗನವಾಡಿಗಳ ಪ್ರಯೋಗವೊಂದರಲ್ಲಿ, ಕೆಲವು ಕೇಂದ್ರಗಳಿಗೆ ಅರ್ಧ ದಿನದ ಒಬ್ಬ ಹೆಚ್ಚುವರಿ ಕಾರ್ಯಕರ್ತೆಯನ್ನು ಕೊಟ್ಟಾಗ ಶಾಲಾಪೂರ್ವ ಬೋಧನೆಯ ಸಮಯ ದ್ವಿಗುಣವಾಯಿತು, ಮಕ್ಕಳ ಲೆಕ್ಕ ಮತ್ತು ಭಾಷೆ ಸುಧಾರಿಸಿದವು, ಅಪೌಷ್ಟಿಕತೆಯೂ ತಗ್ಗಿತು.

ಉತ್ತರ ಕನ್ನಡದಲ್ಲಿ ಇಂಥ ಜೋಡಣೆಗೆ ಋತುವಿನ ಲೆಕ್ಕವೂ ಬೇಕು. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಕರಾವಳಿಯಲ್ಲಿ ಬೆಳಗಿನ ಜಾವದ ಪಾಲನೆಯ ಅಗತ್ಯ ಆಗಸ್ಟ್‌ನಿಂದ ಏರುತ್ತದೆ, ಶಿರಸಿ, ಸಿದ್ದಾಪುರಗಳಲ್ಲಿ ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಸಂಜೆಯ ಪಾಲನೆಯ ಅಗತ್ಯ ಏರುತ್ತದೆ. ಭಾಷೆಯ ಲೆಕ್ಕವೂ ಇದೆ: ಕಾರವಾರದ ಎಷ್ಟೋ ಮನೆಗಳಲ್ಲಿ ಕೂಸು ಮೊದಲು ಕೇಳುವುದು ಕೊಂಕಣಿ. ಅದೇ ಕೇರಿಯ ಹೆಣ್ಣುಮಗಳೊಬ್ಬಳು ಪಾಲಕಿಯಾದರೆ ಕೂಸಿನ ಸದ್ದಿಗೆ ಮನೆಮಾತಿನಲ್ಲೇ ಉತ್ತರ ಸಿಗುತ್ತದೆ, ಅಂಗನವಾಡಿಯ ಕನ್ನಡ ಅದರ ಪಕ್ಕದಲ್ಲಿ ಬಂದು ಕೂರುತ್ತದೆ. ಪಾಲಕಿ, ಕಾರ್ಯಕರ್ತೆ ಇಬ್ಬರ ನಡುವೆ ಒಂದು ಪುಸ್ತಕವಿದ್ದರೆ ಸಾಕು: ಕೂಸು ಏನು ಉಂಡಿತು, ಎಷ್ಟು ಹೊತ್ತು ಮಲಗಿತು, ಇಂದು ಯಾವ ಹೊಸ ಮಾತು ಆಡಿತು ಎಂದು ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ, ಬುಟ್ಟಿ ಇಳಿಸಿ ಬಂದ ತಾಯಿಗೆ ಹೇಳಬಹುದು.