ಐಟಿನರಿಯಲ್ಲಿ ‘ಸೆರೆಂಗೆಟಿ’ ಅಂತಷ್ಟೇ ಇದ್ರೆ, ಯಾವ ಮೂಲೆ ಅಂತ ಕೇಳಿ

ಆಫ್ರಿಕಾ ಸಫಾರಿ ಪ್ಲಾನ್ ಮಾಡಿಕೊಡೋ ನಮ್ಮಂಥೋರಿಗೆ ವಾಟ್ಸಾಪಲ್ಲಿ ಬರೋ ಮೊದಲ ಮೆಸೇಜ್ ಹೆಚ್ಚುಕಮ್ಮಿ ಒಂದೇ ಥರ ಇರತ್ತೆ. ಬೇರೆ ಯಾರೋ ಕೊಟ್ಟ ಐಟಿನರಿ ಪಿಡಿಎಫ್, ಅದರ ಕೆಳಗೆ "ಇದಕ್ಕಿಂತ ಕಮ್ಮಿಗೆ ಆಗತ್ತಾ ನೋಡಿ ಸಾರ್". ರೇಟಿನ ಮಾತು ಆಮೇಲೆ, ನಾನು ಮೊದಲು ನೋಡೋದು ಎರಡೇ: ಯಾವ ತಿಂಗಳು ಹೋಗ್ತಿದೀರಿ, ರಾತ್ರಿ ಎಲ್ಲಿ ಮಲಗ್ತೀರಿ. ಟಾಂಜಾನಿಯಾದ ಐಟಿನರಿಗಳಲ್ಲಿ "ನಾಲ್ಕನೇ ದಿನ, ಸೆರೆಂಗೆಟಿ, ಟೆಂಟೆಡ್ ಕ್ಯಾಂಪ್" ಅಂತಷ್ಟೇ ಬರೆದು ಬಿಟ್ಟಿರ್ತಾರೆ. ಸೆರೆಂಗೆಟಿ ನ್ಯಾಷನಲ್ ಪಾರ್ಕ್ 14,763 ಚದರ ಕಿಲೋಮೀಟರ್ ಇದೆ ಕಣ್ರೀ, ಅಂದ್ರೆ ನಮ್ಮ ಬಂಡೀಪುರ, ನಾಗರಹೊಳೆ ಎರಡೂ ನ್ಯಾಷನಲ್ ಪಾರ್ಕ್ ಸೇರಿಸಿದ್ರೆ ಎಷ್ಟಾಗತ್ತೋ ಅದರ ಹತ್ತಿರ ಹತ್ತಿರ ಹತ್ತು ಪಟ್ಟು. ಅದರಲ್ಲಿ ಯಾವ ಮೂಲೇಲಿ ನಿಮ್ಮ ಟೆಂಟು ಅಂತ ಗೊತ್ತಾಗದೆ ಅಡ್ವಾನ್ಸ್ ಕಟ್ಟೋದು ಅಂದ್ರೆ ಏನು ಹೇಳೋದು.

ಯಾಕೆ ಮುಖ್ಯ ಅಂದ್ರೆ, ಎಲ್ಲರೂ ನೋಡ್ಬೇಕು ಅಂತ ಹೋಗೋ ಆ ಮಹಾ ವಲಸೆ ಒಂದು ಕಡೆ ನಡೆಯೋ ಶೋ ಅಲ್ಲ. ಹದಿಮೂರು ಹದಿನೈದು ಲಕ್ಷ ವೈಲ್ಡ್‌ಬೀಸ್ಟ್ (ದನದ ಥರ ಕಾಣೋ ಕಾಡುಪ್ರಾಣಿ), ಜೊತೆಗೆ ಲಕ್ಷಗಟ್ಟಲೆ ಜೀಬ್ರಾ, ಗೆಜೆಲ್, ಇವೆಲ್ಲ ಮಳೆ ಹಿಂದೆ, ಹುಲ್ಲಿನ ಹಿಂದೆ ವರ್ಷಪೂರ್ತಿ ಸುತ್ತು ಹೊಡೀತಾನೇ ಇರ್ತವೆ. ಜನವರಿಯಿಂದ ಮಾರ್ಚ್ ತನಕ ದಕ್ಷಿಣದ ಬಯಲಲ್ಲಿ, ಎನ್‌ಡುಟು ಸುತ್ತಮುತ್ತ. ಅಲ್ಲಿನ ಮಣ್ಣು ಹಳೇ ಜ್ವಾಲಾಮುಖಿಗಳ ಬೂದಿ ಬಿದ್ದು ಆಗಿದ್ದು, ಕೆಳಗೆ ಗಟ್ಟಿ ಪದರ ಇರೋದ್ರಿಂದ ಮರ ಬೇರು ಬಿಡೋಕಾಗಲ್ಲ, ಬರೀ ಗಿಡ್ಡ ಹುಲ್ಲು, ಆದ್ರೆ ಆ ಹುಲ್ಲಲ್ಲಿ ಕ್ಯಾಲ್ಸಿಯಂ ರಂಜಕ ಜಾಸ್ತಿ. ಹಾಲೂಡಿಸೋ ತಾಯಿಗೆ ಬೇಕಾಗಿರೋದೇ ಅದು, ಅದಕ್ಕೇ ಕರು ಹಾಕೋಕೆ ಇಲ್ಲಿಗೇ ಬರೋದು, ಫೆಬ್ರವರಿಯಲ್ಲಿ ಅದರ ಭರಾಟೆ ನೋಡ್ಬೇಕು, ಹುಟ್ಟಿದ ಕೆಲವೇ ನಿಮಿಷದಲ್ಲಿ ಕರು ತಡವರಿಸ್ಕೊಂಡು ಎದ್ದು ನಿಂತು ತಾಯಿ ಹಿಂದೆ ಓಡೋಕೆ ಶುರು ಮಾಡತ್ತೆ, ಓಡ್ಲೇಬೇಕು, ಆಚೆ ಕತ್ತೆಕಿರುಬ ಕಾಯ್ತಾ ಇರತ್ತೆ. ಮಳೆ ನಿಂತ್ರೆ ಆ ಬಯಲಲ್ಲಿ ಕುಡಿಯೋಕೆ ನೀರಿಲ್ಲ, ಹೊರಟ್ವು. ಜೂನ್ ಹೊತ್ತಿಗೆ ಪಶ್ಚಿಮದಲ್ಲಿ ಗ್ರುಮೇಟಿ ನದಿ ಕಡೆ, ಜುಲೈಯಿಂದ ಅಕ್ಟೋಬರ್ ತನಕ ಉತ್ತರದ ತುದಿ, ಕೊಗಾಟೆಂಡೆ, ಮಾರಾ ನದಿ. ನವೆಂಬರಿನ ಸಣ್ಣ ಮಳೆ ಬಿದ್ದ ಮೇಲೆ ವಾಪಸ್ ದಕ್ಷಿಣಕ್ಕೆ.

ಈಗ ಪಿಡಿಎಫ್ ತೆಗೆದು ನೋಡಿ. ಆಗಸ್ಟಲ್ಲಿ ಹೋಗ್ತೀರಿ, "ಮೈಗ್ರೇಷನ್ ಸ್ಪೆಷಲ್" ಅಂತ ಹೆಡಿಂಗ್ ಇದೆ, ಆದ್ರೆ ಎರಡೂ ರಾತ್ರಿ ಸೆರೊನೆರಾದಲ್ಲಿ. ಸೆರೊನೆರಾ ಪಾರ್ಕಿನ ನಟ್ಟನಡುವೆ, ಅಲ್ಲಿಂದ ಮಾರಾ ನದಿಗೆ ಜಲ್ಲಿ ರೋಡಲ್ಲಿ ಅರ್ಧ ದಿನ ಹೋಗತ್ತೆ. ಹೋಗಿ ಬಂದು ಮಾಡೋ ದೂರ ಅಲ್ಲ ಅದು. ಹಾಗಂತ ಸೆರೊನೆರಾ ಕಳಪೆ ಅಂತಲ್ಲ, ವಲಸೆ ಬೇಡ, ಸಿಂಹ ಚಿರತೆ ಸಾಕು ಅನ್ನೋರಿಗೆ ವರ್ಷದ ಯಾವ ತಿಂಗಳಾದ್ರೂ ನಾನು ಕಣ್ಣುಮುಚ್ಚಿ ಹೇಳೋ ಜಾಗ ಅದೇ, ನದಿ ಪಕ್ಕದ ಮರಗಳ ಕೊಂಬೆ ಮೇಲೆ ಚಿರತೆ ಕಾಲು ಇಳಿಬಿಟ್ಕೊಂಡು ಮಲಗಿರತ್ತೆ, ಬಯಲ ಮಧ್ಯೆ ಎದ್ದಿರೋ ಬಂಡೆಗುಡ್ಡಗಳ ಮೇಲೆ ಸಿಂಹದ ಸಂಸಾರ.

ನದಿ ದಾಟೋದು ನೋಡೋಕೇ ಹೋಗೋದಾದ್ರೆ ಕೊಗಾಟೆಂಡೆ ಕಡೆ ಕಮ್ಮಿ ಅಂದ್ರೂ ಮೂರು ರಾತ್ರಿ ಹಾಕಿ. ಯಾಕಂದ್ರೆ ಅದಕ್ಕೆ ಟೈಮ್‌ಟೇಬಲ್ ಇಲ್ಲ. ಸಾವಿರಾರು ಪ್ರಾಣಿ ದಡಕ್ಕೆ ಬಂದು ಧೂಳೆಬ್ಬಿಸ್ಕೊಂಡು ನಿಂತಿರ್ತವೆ, ಗೈಡ್ ದೂರದಲ್ಲಿ ಗಾಡಿ ಆಫ್ ಮಾಡಿ ಕೂತಿರ್ತಾನೆ, ಮುಂದಿನ ಒಂದು ಬಗ್ಗಿ ನೀರು ಮೂಸತ್ತೆ, ನೀವು ಕ್ಯಾಮೆರಾ ಎತ್ತಿದೀರಿ, ಅಷ್ಟರಲ್ಲಿ ಒಂದು ಜೀಬ್ರಾ ಬೆದರಿ ತಿರುಗತ್ತೆ ನೋಡಿ, ಇಡೀ ಹಿಂಡು ಅದರ ಹಿಂದೆ ದೌಡು. ಎರಡು ಗಂಟೆ ಕಾದಿದ್ದು ಹೋಯ್ತು. ಮತ್ತೆ ಸಂಜೆ ಬರ್ಬೋದು, ನಾಳೆ ಬರ್ಬೋದು. ಮೊದಲ ಸಾಲು ನೀರಿಗೆ ಇಳಿಯೋಕೂ ಮುಂಚೆ ದಡದ ಹತ್ರ ಗಾಡಿ ನುಗ್ಗಿಸಿದ್ರೆ ಅವು ದಾಟೋದೇ ಇಲ್ಲ, ಹಾಗಾಗಿ "ಇನ್ನೂ ಹತ್ರ ಹೋಗಪ್ಪ" ಅಂತ ಗೈಡ್‌ಗೆ ದಯವಿಟ್ಟು ಒತ್ತಾಯ ಮಾಡ್ಬೇಡಿ.

ಇನ್ನು ಜನಕ್ಕೆ ಇರೋ ದೊಡ್ಡ ಹುಚ್ಚು ಅಂದ್ರೆ ಪಾರ್ಕುಗಳ ಲೆಕ್ಕ. "ಅವರು ಏಳು ದಿನಕ್ಕೆ ಐದು ಪಾರ್ಕ್ ಕೊಡ್ತಾರೆ, ನೀವು ಮೂರೇ ಹೇಳ್ತೀರಲ್ಲ?" ಹೌದು, ಮೂರೇ. ಪಾರ್ಕ್ ಜಾಸ್ತಿ ಆದಷ್ಟೂ ನೀವು ಗಾಡೀಲಿ ನೋಡೋದು ರೋಡನ್ನ. ಸಫಾರಿ ಹೊರಡೋ ಊರು ಅರುಷಾದಿಂದ ಸೆರೊನೆರಾ 300 ಕಿಲೋಮೀಟರಿಗಿಂತ ಜಾಸ್ತಿ, ಅದರಲ್ಲಿ ಎನ್‌ಗೊರೊಂಗೊರೊ (ಹಳೇ ಜ್ವಾಲಾಮುಖಿಯ ದೊಡ್ಡ ಕುಳಿ ಇರೋ ಜಾಗ) ಆಚೆ ಬರೋ ರೋಡು ಗಾಡಿ ಸಮೇತ ನಿಮ್ಮ ಹಲ್ಲನ್ನೂ ಅಲ್ಲಾಡಿಸತ್ತೆ, ಡ್ರೈವರ್‌ಗಳು ಅದಕ್ಕೆ ಆಫ್ರಿಕನ್ ಮಸಾಜ್ ಅಂತ ನಗ್ತಾರೆ, ಸೊಂಟ ನೋವಿರೋ ಅಪ್ಪ ಅಮ್ಮನಿಗೆ ನಗು ಬರಲ್ಲ. ಅಂಥವರಿದ್ರೆ ಒಂದು ಕಡೆಗಾದ್ರೂ ಚಿಕ್ಕ ವಿಮಾನ ಹಾಕಿ, ದುಡ್ಡು ಜಾಸ್ತಿ ನಿಜ, ಲಗೇಜ್ ಕೂಡ ಸಾಮಾನ್ಯವಾಗಿ ತಲೆಗೆ 15 ಕೆಜಿ ಅಷ್ಟೇ, ಅದೂ ಮೆತ್ತನೆ ಬ್ಯಾಗಲ್ಲಿ, ಗಟ್ಟಿ ಸೂಟ್‌ಕೇಸ್ ಆಗಲ್ಲ.

ಪ್ರವೇಶ ಶುಲ್ಕದ ಲೆಕ್ಕಾನೂ ತಿಳ್ಕೊಳ್ಳಿ. ಕಬಿನಿ ಥರ ಒಂದು ಸಫಾರಿಗೆ ಒಂದು ಟಿಕೆಟ್ ಅಲ್ಲ ಇಲ್ಲಿ, ಪರ್ಮಿಟ್ 24 ಗಂಟೆಗೆ. ಸೆರೆಂಗೆಟಿಗೆ ಹೊರದೇಶದ ದೊಡ್ಡವರಿಗೆ ಸೀಸನ್ನಲ್ಲಿ 70 ಡಾಲರ್, ಅದರ ಮೇಲೆ 18% ವ್ಯಾಟ್, ರೇಟ್ ಬದಲಾಗ್ತಾ ಇರತ್ತೆ, ಬುಕ್ ಮಾಡೋವಾಗ ಇನ್ನೊಂದ್ಸಲ ಕೇಳ್ಕೊಳ್ಳಿ. ನಾಬಿ ಹಿಲ್ ಗೇಟಲ್ಲಿ ಮಧ್ಯಾಹ್ನ ಒಂದಕ್ಕೆ ಒಳಗೆ ಹೋದ್ರೆ, ಎರಡು ರಾತ್ರಿ ಮುಗಿಸಿ ಬರೋ ದಿನ ಒಂದರೊಳಗೆ ಹೊರಗಿರ್ಬೇಕು, ಇಲ್ಲಾಂದ್ರೆ ಎಲ್ಲರಿಗೂ ಇನ್ನೊಂದು ದಿನದ ದುಡ್ಡು. ಕೊನೇ ದಿನ ಚೀತಾ ಮುಂದೆ ಗಾಡಿ ನಿಂತಿರೋವಾಗ ಗೈಡ್ ಪದೇ ಪದೇ ವಾಚ್ ನೋಡ್ತಾ ಇದ್ರೆ ಕಾರಣ ಇದೇ, ಪಾಪ ಅವನಿಗೆ ಬೋರಾಗಿ ಅಲ್ಲ. ಇನ್ನೊಂದು, ಎನ್‌ಡುಟುವಿನ ಬಹುಪಾಲು ಬರೋದು ಎನ್‌ಗೊರೊಂಗೊರೊ ಸಂರಕ್ಷಿತ ಪ್ರದೇಶದೊಳಗೆ, ಸೆರೆಂಗೆಟಿ ಪಾರ್ಕಲ್ಲಲ್ಲ, ಅಲ್ಲಿ ಉಳ್ಕೊಂಡು ಹಗಲು ಸೆರೆಂಗೆಟಿಗೆ ದಾಟಿದ್ರೆ ಎರಡೂ ಕಡೆ ಶುಲ್ಕ. ಎನ್‌ಗೊರೊಂಗೊರೊ ಕುಳಿಗೆ ಇಳಿಯೋಕೆ ಗಾಡಿಗೇ ಬೇರೆ 250 ಡಾಲರ್, ವ್ಯಾಟ್ ಬೇರೆ, ನಾಲ್ಕು ಜನ ಆರು ಜನ ಹಂಚ್ಕೊಂಡ್ರೆ ಹಗುರ. ಖಡ್ಗಮೃಗ ನೋಡೋ ಆಸೆ ಇದ್ರೆ ಇಲ್ಲಿಗೆ ಇಳಿಯೋದೇ ಒಳ್ಳೇದು, ಜಿರಾಫೆ ಮಾತ್ರ ಕುಳಿಯೊಳಗೆ ಹುಡುಕ್ಬೇಡಿ, ಅಲ್ಲಿಲ್ಲ. ಹುಲಿ ಸಿಗತ್ತಾ ಅಂತಾನೂ ಕೇಳ್ತಾರೆ, ಇಡೀ ಆಫ್ರಿಕಾ ಕಾಡಲ್ಲೇ ಹುಲಿ ಇಲ್ಲ.

ಕುಳಿಯ ಅಂಚು ಸುಮಾರು 2,300 ಮೀಟರ್ ಎತ್ತರದಲ್ಲಿದೆ, ಜುಲೈ ಬೆಳಗಿನ ಜಾವ ಹಲ್ಲು ಕಟಕಟ ಅನ್ನತ್ತೆ, ಸ್ವೆಟರ್ ಮಫ್ಲರ್ ಇರ್ಲಿ. ಬಟ್ಟೇಲಿ ಕಡುನೀಲಿ, ಕಪ್ಪು ಬೇಡ, ತ್ಸೆತ್ಸೆ ನೊಣ ಆ ಬಣ್ಣಗಳಿಗೇ ಮುತ್ಕೊಳ್ಳತ್ತೆ (ಅದನ್ನ ಹಿಡಿಯೋಕೆ ಮರಕ್ಕೆ ನೇತುಹಾಕೋ ಬಟ್ಟೆನೂ ನೀಲಿ ಕಪ್ಪೇ), ಕಚ್ಚಿದ್ರೆ ಜೀನ್ಸ್ ಮೇಲಿಂದಾನೂ ಚುರ್ ಅನ್ನತ್ತೆ. ಮಲೇರಿಯಾ ಮಾತ್ರೆ ಬಗ್ಗೆ ಡಾಕ್ಟರ್ ಹತ್ರ ಮಾತಾಡಿ. ಯೆಲ್ಲೋ ಫೀವರ್ ಲಸಿಕೆ, ಕೀನ್ಯಾ ಸೇರಿಸ್ಕೊಂಡು ಹೋಗೋರು, ಅಡಿಸ್ ಅಬಾಬಾ ಮೇಲೆ ಹೋಗೋರು ಹಾಕಿಸ್ಕೊಂಡೇ ಬಿಡಿ ಅನ್ನೋದು ನನ್ನ ಸಲಹೆ, ಸರ್ಕಾರ ಮಾನ್ಯ ಮಾಡಿರೋ ಕೇಂದ್ರದಲ್ಲೇ ಆಗ್ಬೇಕು, ಹೊರಡೋಕೆ 10 ದಿನ ಮುಂಚೆನಾದ್ರೂ. ಒಂದ್ಸಲ ಹಾಕಿಸಿದ್ರೆ ಅಲ್ಲಿ ಕೊಡೋ ಲಸಿಕೆ ಕಾರ್ಡ್ ಜೀವನಪೂರ್ತಿ ನಡೆಯತ್ತೆ. ಕಾರ್ಡ್ ಬೇಕಾದ ಕಡೆಯಿಂದ ಅದಿಲ್ಲದೆ ವಾಪಸ್ ಬಂದ್ರೆ ನಮ್ಮ ಏರ್‌ಪೋರ್ಟಲ್ಲೇ 6 ದಿನದ ತನಕ ಕ್ವಾರಂಟೈನ್ ಮಾಡ್ಬೋದು. ಮೊಟ್ಟೆ ಅಲರ್ಜಿ ಇರೋರು, 60 ದಾಟಿದೋರು ಡಾಕ್ಟರ್‌ನ ಕೇಳದೆ ಹಾಕಿಸ್ಬೇಡಿ.

ಊಟದ ಚಿಂತೆ ಅಷ್ಟು ಬೇಡ. ಅಲ್ಲಿನೋರೂ ಚಪಾತಿ ತಿಂತಾರೆ, ಎಣ್ಣೆ ಸ್ವಲ್ಪ ಧಾರಾಳ, ಹುರುಳಿಕಾಯಿ ಬೀಜದ ಸಾರು ಇರತ್ತೆ, ಮ್ಚಿಚಾ ಅಂತ ಬಡಿಸೋದು ನಮ್ಮ ಹರಿವೆ ಸೊಪ್ಪಿನ ಜಾತೀದೇ. ಎಡವಟ್ಟಾಗೋದು ಮಧ್ಯಾಹ್ನದ ಡಬ್ಬಿಯಲ್ಲಿ, ಹೇಳದಿದ್ರೆ ಚಿಕನ್ ಪೀಸ್, ಬೇಯಿಸಿದ ಮೊಟ್ಟೆ ಇಟ್ಟಿರ್ತಾರೆ, ಹಾಗಾಗಿ ಬುಕಿಂಗಲ್ಲೇ ಬರೆಸಿ, ಹಿಂದಿನ ರಾತ್ರಿ ಕ್ಯಾಂಪಲ್ಲಿ ಇನ್ನೊಂದ್ಸಲ ಹೇಳಿ. ಚಟ್ನಿಪುಡಿ, ಕೋಡುಬಳೆ ತಗೊಂಡು ಹೋಗಿ, ಆದ್ರೆ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಅಲ್ಲ, ಟಾಂಜಾನಿಯಾದಲ್ಲಿ ಜೂನ್ 2019ರಿಂದ ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್ ಬ್ಯಾನ್. ಸ್ಟೀಲ್ ಡಬ್ಬಿ ಬೆಸ್ಟ್.

ಏಪ್ರಿಲ್ ಮೇ ರಜೆಗೇ ಹೋಗ್ಬೇಕು ಅನ್ನೋರು ತುಂಬ ಜನ, ರೇಟೂ ಆಗ ಇಳಿದಿರತ್ತೆ. ಆದ್ರೆ ಅದು ಅಲ್ಲಿನ ದೊಡ್ಡ ಮಳೆಗಾಲ, ಕೆಲವು ಕ್ಯಾಂಪ್ ಮುಚ್ಚಿರ್ತವೆ, ಸೆರೆಂಗೆಟಿಯ ಎಷ್ಟೋ ಕಡೆ ಇರೋದು ಎರೆಮಣ್ಣು, ಗದಗ ಧಾರವಾಡದ ಕಡೆಯೋರಿಗೆ ಇನ್ನು ವಿವರಿಸೋದೇ ಬೇಡ. ಗಾಡಿ ಹೂತು ಒಂದೆರಡು ಗಂಟೆ ಹೋದ್ರೂ ಪರ್ವಾಗಿಲ್ಲ, ಹಸಿರು ಬಯಲು, ಕಮ್ಮಿ ಜನ ಸಾಕು ಅನ್ನೋರಿಗೆ ನಾನೇ ಏಪ್ರಿಲ್ ಹಾಕಿಕೊಡ್ತೀನಿ. ಮಕ್ಕಳ ರಜೆಗೆ ಹೊಂದಿಸ್ಲೇಬೇಕು ಅಂದ್ರೆ ದಸರಾ ರಜೆ ನೋಡಿ, ಅಕ್ಟೋಬರ್ ಮೊದಲ ವಾರದಲ್ಲಿ ಉತ್ತರದ ಕಡೆ ಹಿಂಡುಗಳು ಇನ್ನೂ ಇರೋ ಸಾಧ್ಯತೆ ಚೆನ್ನಾಗಿದೆ, ಟೆಂಟ್ ಮಾತ್ರ ಯುಗಾದಿ ಹೊತ್ತಿಗೇ ಹಿಡಿದಿಡ್ಬೇಕಾಗತ್ತೆ.